ಊಟಕ್ಕೇ ಸ್ಕೂಲಿಗೆ ಹೋದೋರು ನಾವೂ ಹೌದು

ಸಂಪಾದಕರೆ,

ಬಿಸಿಯೂಟ ಬಂದ್ಮೇಲೆ ಸರ್ಕಾರಿ ಶಾಲೆಗಳು ಹೋಟ್ಲಾಗಿಬಿಟ್ಟಿವೆ, ನಮ್ ಕಾಲದಲ್ಲಿ ಓದೋಕಷ್ಟೇ ಹೋಗ್ತಿದ್ವಿ ಅಂತ ಮೊನ್ನೆ ನಿಮ್ಮ ಪೇಪರಲ್ಲಿ ಒಬ್ಬರು ಬರೆದಿದ್ರು. ಓದಿ ನಗು ಬಂತು. ನಾನು ಎಪ್ಪತ್ತರ ದಶಕದಲ್ಲಿ ತುಮಕೂರು ಕಡೆ ಹಳ್ಳಿ ಸ್ಕೂಲಲ್ಲಿ ಓದಿದೋನು, ನಮ್ಮಲ್ಲಿ ಅರ್ಧಕ್ಕರ್ಧ ಹುಡುಗ್ರು ಬರ್ತಿದ್ದದ್ದೇ ಕೇರ್ ಅನ್ನೋ ಅಮೆರಿಕದ ನೆರವು ಸಂಸ್ಥೆ ಕಳಿಸ್ತಿದ್ದ ರವೆಯ ಉಪ್ಪಿಟ್ಟಿಗೆ.

ಅಮೆರಿಕದಿಂದ ಬರ್ತಿದ್ದ ಹಳದಿ ರವೆ, ಜೊತೆಗೆ ಎಣ್ಣೆ ಡಬ್ಬ, ಡಬ್ಬದ ಮೇಲೆ ಎರಡು ಕೈ ಕುಲುಕ್ತಿರೋ ಚಿತ್ರ. ಒಗ್ಗರಣೆ ಅಂದ್ರೆ ಸಾಸಿವೆ, ಒಣಮೆಣಸಿನಕಾಯಿ ಅಷ್ಟೇ, ಈರುಳ್ಳಿ ಕಂಡ್ರೆ ಅವತ್ತು ಇನ್ಸ್‌ಪೆಕ್ಟ್ರು ಬಂದಿದಾರೆ ಅಂತ ಲೆಕ್ಕ! ಆ ವಾಸನೆ ಕ್ಲಾಸಿಗೆ ನುಗ್ಗಿದ ಮೇಲೆ ಮೇಷ್ಟ್ರು ಹದಿಮೂರರ ಮಗ್ಗಿ ಹೇಳಿಸ್ತಿದ್ರೂ ಕಣ್ಣೆಲ್ಲ ಕಿಟಕಿ ಕಡೆ. ಮುತ್ತುಗದ ಎಲೆ ಸಿಗದೋರು ಸ್ಲೇಟನ್ನೇ ಅಂಗಿಯಲ್ಲಿ ಒರೆಸ್ಕೊಂಡು ಅದರ ಮೇಲೆ ಹಾಕಿಸ್ಕೊಳೋರು, ತಳ ಹಿಡಿದ ಚಕ್ಕೆಗಂತೂ ಹೊಡೆದಾಟ, ಕೆಲವರು ಅರ್ಧ ತಿಂದು ಅರ್ಧ ಮಡಚಿ ಮನೆಗೆ ಒಯ್ಯೋರು ತಮ್ಮಂಗೋ ತಂಗಿಗೋ ಅಂತ. ರವೆ ಮುಗಿದ ವಾರ ಹಾಜರಿ ಪುಸ್ತಕ ನೋಡ್ಬೇಕಿತ್ತು, ಕುರಿ ಕಾಯೋಕೆ ಹೋದೋರೇ ಜಾಸ್ತಿ.

ಆಮೇಲೆ ಅದೂ ನಿಂತೋಯ್ತು. ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಿ ಅಂತ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದ್ಮೇಲೆ 2002ರಲ್ಲಿ ನಮ್ಮಲ್ಲಿ ಅಕ್ಷರ ದಾಸೋಹ ಅನ್ನೋ ಹೆಸರಲ್ಲಿ ಈ ಬಿಸಿಯೂಟ ಶುರುವಾಯ್ತು, ಮೊದಲು ಬೀದರ್, ರಾಯಚೂರು ಕಡೆ, ಆಮೇಲೆ ಎಲ್ಲಾ ಕಡೆ. 2013ರಿಂದ ಹಾಲು, ಈಗ ಮೊಟ್ಟೆ, ಮೊಟ್ಟೆ ಬೇಡ ಅನ್ನೋರಿಗೆ ಬಾಳೆಹಣ್ಣು. ಇದನ್ನ ದುಂದು ಅನ್ನೋರು ಒಂದ್ಸಲ ಶಾಲೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ಲಿ. ಬೆಳಿಗ್ಗೆಯಿಂದ ಅಷ್ಟು ಮಕ್ಕಳಿಗೆ ಬೇಯಿಸಿ ಬಡಿಸಿ ಪಾತ್ರೆ ತೊಳೆಯೋ ಹೆಣ್ಮಕ್ಕಳಿಗೆ ಸಿಗೋದು ಗೌರವಧನ, ಹೆಸರಲ್ಲಿ ಮಾತ್ರ ಗೌರವ, ದುಡ್ಡು ನೋಡಿದ್ರೆ ಕೂಲಿಗಿಂತ ಕಡೆ. ಅದನ್ನ ಜಾಸ್ತಿ ಮಾಡಿ ಅಂತ ಅವರು ಫ್ರೀಡಂ ಪಾರ್ಕಲ್ಲಿ ಧರಣಿ ಕೂತಾಗ ನಾವು ಯಾರೂ ಆ ಕಡೆ ತಿರುಗಿ ನೋಡಿಲ್ಲ.

ಈಗ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ ಶಾಲೆಗೆ ಕಮಾನು ಕಟ್ಸೋಕೆ ಚಂದಾ ಎತ್ತುತಿದಾರೆ. ಕಮಾನು ಯಾಕ್ರಯ್ಯ, ದೊಡ್ಡ ಕುಕ್ಕರು, ನೀರಿನ ಫಿಲ್ಟರು ಕೊಡ್ಸೋಣ ಅಂದೆ. ಕಮಾನಿನ ಮೇಲಾದ್ರೆ ದಾನಿಗಳ ಹೆಸರು ಬರುತ್ತೆ ಅಂದ ಒಬ್ಬ. ಪಾತ್ರೆ ಮೇಲೆ ಹೆಸರು ಹಾಕ್ಸೋದು ನಮ್ಮ ಕಡೆ ಹೊಸದೇನಲ್ಲ ಮಾರಾಯ, ಅಂಗ್ಡೀಲೇ ಕೆತ್ತಿಕೊಡ್ತಾರೆ.

– ಹಳೇ ವಿದ್ಯಾರ್ಥಿ, ತುಮಕೂರು ಜಿಲ್ಲೆ