ಎಕ್ಸ್-ಮೆನ್ ಮರು ಓದು: ಶುರು ಮಾಡೋ ಮುಂಚೆ

ಕಲಬುರಗಿ ಗುಂಪಿನ ಎಲ್ಲರಿಗೂ ನಮಸ್ಕಾರ್ರಿ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಎಕ್ಸ್-ಮೆನ್ ಮತ್ತೊಮ್ಮೆ ಓದೋಣ, ಆದ್ರ 94ನೇ ಸಂಚಿಕೆಯಿಂದ ಶುರು ಮಾಡಬ್ಯಾಡ್ರಿ. ಮೊದಲು 1975ರ ಜೈಂಟ್-ಸೈಜ್ (ದೊಡ್ಡ ವಿಶೇಷ) ಸಂಚಿಕೆ ಓದ್ರಿ. ಸ್ಟಾರ್ಮ್, ನೈಟ್‌ಕ್ರಾಲರ್, ಕೊಲೊಸಸ್ ತಂಡಕ್ಕೆ ಬರೋದು ಅಲ್ಲೇ.

ಫೀನಿಕ್ಸ್ ಅನ್ನೋ ಶಕ್ತಿ ಬಂದ ಮ್ಯಾಲ ತಂಡದ ಜೀನ್ ದಾರಿ ತಪ್ಪೋ ಡಾರ್ಕ್ ಫೀನಿಕ್ಸ್ ಕಥೆ 129ರಿಂದ 138ನೇ ಸಂಚಿಕೆ. ಅಷ್ಟನ್ನೇ ಓದಿದ್ರ ಜೀನ್ ಯಾಕ ಹಂಗಾದಳು ಅನ್ನೋದು ಅರ್ಧ ಮಾತ್ರ ತಿಳೀತದ. 101ರಲ್ಲಿ ಆಕಿ ಫೀನಿಕ್ಸ್ ಆಗಿ ನೀರಿನಿಂದ ಏಳ್ತಾಳ; ಖಳನಾಯಕ ಮಾಸ್ಟರ್‌ಮೈಂಡ್ ಆಕಿಗೆ ಬಲೆ ಹೆಣೆಯೋದು 129ಕ್ಕಿಂತ ಮುಂಚೆನೇ ಶುರು ಆಗ್ತದ. ಎರಡನೇ ಓದಿನ ನಿಜವಾದ ರುಚಿ ಇರೋದೇ ಈ ಸುಳಿವುಗಳಲ್ಲಿ. ಕಥೆಗಾರ ಕ್ರಿಸ್ ಕ್ಲೇರ್ಮಾಂಟ್ ಮಾತು ಭಾಳ ಬರೀತಾರ, ಅದಕ್ಕ ಪುಟದ ಚಿತ್ರ ಮೊದಲು ನೋಡಿ, ಆಮ್ಯಾಲ ಸಂಭಾಷಣೆ ಓದ್ರಿ. 108ರಿಂದ ಚಿತ್ರಕಾರ ಜಾನ್ ಬರ್ನ್ ಚಿತ್ರಗಳು.

ಸಂಚಿಕೆಗಳನ್ನು ಕೂಡಿಸಿದ ದಪ್ಪ ಸಂಪುಟವನ್ನು ಒಮ್ಮೆಲೇ ನಡುವೆ ಬಿಚ್ಚಿದ್ರ ಬೆನ್ನಿನ ಅಂಟು ಬಿರಿದು ಹಾಳಿ ಉದುರ್ತಾವ. ಹಿಂದಿನಿಂದ ಸ್ವಲ್ಪ, ಮುಂದಿನಿಂದ ಸ್ವಲ್ಪ ಹಾಳಿ ಒತ್ತುತ್ತ ನಡುವಿಗೆ ಬರ್ರಿ. ನಮ್ಮ ಬ್ಯಾಸಗಿ ಬಿಸಲಾಗ ಬೈಕಿನ ಡಿಕ್ಕಿಯೊಳಗ ಪುಸ್ತಕ ಬಿಡಲೇಬ್ಯಾಡ್ರಿ.

ರವಿವಾರದೊಳಗ 108ರ ತನಕ ಮುಗಿಸ್ರಿ.