ಸಸಿ ಸತ್ತರೆ ಬೀಜವನ್ನು ದೂರಬೇಡಿ

ಸಂಪಾದಕರಿಗೆ,

ಫ್ಲ್ಯಾಟುಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳನ್ನು ಮನೆಯೊಳಗೇ ಬೀಜದಿಂದ ಎಬ್ಬಿಸಿಕೊಳ್ಳುವವರು ಈಗ ಬಹಳ. ಕೈತೋಟದ ಅಂಕಣಗಳು ಅವರಿಗೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಟ್ರೇಗೆ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ತುಂಬಿ, ಬೀಜ ಹಾಕಿ, ಕಿಟಕಿ ಪಕ್ಕ ಇಡಿ, ದಿನಾ ನೀರು ಚಿಮುಕಿಸಿ. ಹೀಗೆ ಮಾಡಿದರೆ ಬೀಜ ಮೊಳೆಯುತ್ತದೆ, ನಿಜ. ಆದರೆ ಎರಡನೇ ವಾರಕ್ಕೆ ಸಸಿ ನೂಲಿನಂತೆ ಉದ್ದವಾಗಿ ಮಲಗುತ್ತದೆ, ಇಲ್ಲವೇ ಬುಡ ಕೊಳೆತು ಬೀಳುತ್ತದೆ. ಬೈಗುಳವೆಲ್ಲ ಬೀಜದ ಅಂಗಡಿಯವರಿಗೆ. ತಪ್ಪು ಬಹುಪಾಲು ಬೀಜದ್ದಲ್ಲ. ಬೆಳಕು ಸಾಲದೆ, ನೀರು ಹೆಚ್ಚಾಗಿ ಸಸಿ ಸಾಯುತ್ತದೆ.

ಬೀಜದ ಮೇಲೆ ಅನುಮಾನವಿದ್ದರೆ ಪೊಟ್ಟಣ ತಿರುಗಿಸಿ ನೋಡಿ. ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬುದು ಅಚ್ಚಾಗಿರಬೇಕು. ನಮ್ಮ ದೇಶದ ಬೀಜ ಪ್ರಮಾಣೀಕರಣ ಮಾನದಂಡದಂತೆ ಟೊಮೆಟೊ, ಬದನೆಗೆ ಕನಿಷ್ಠ ಶೇ 70, ಮೆಣಸಿನಕಾಯಿಗೆ ಶೇ 60ರಷ್ಟು ಮೊಳಕೆ ಬರಬೇಕು. ಅಂದರೆ 10 ಮೆಣಸಿನ ಬೀಜದಲ್ಲಿ 4 ಏಳದಿದ್ದರೂ ಅದು ಮೋಸದ ಬೀಜವಲ್ಲ. ಹಳೆಯ ಪೊಟ್ಟಣವಿದ್ದರೆ 10 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಟೊಮೆಟೊಗೆ ವಾರ, ಮೆಣಸಿಗೆ ಎರಡು ವಾರ ಕಾದು ಎಣಿಸಿದರೆ ಉತ್ತರ ಸಿಗುತ್ತದೆ. ಇನ್ನೊಂದು ಮಾತು: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅಂದರೆ ಬೇರೆ ಬೇರೆ ತಳಿಗಳನ್ನು ಸಂಕರಿಸಿ ಪಡೆದದ್ದು. ಅದರ ಹಣ್ಣಿನ ಬೀಜ ತೆಗೆದು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳಬೇಕೆಂದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್‌ನಂಥ, ಹೈಬ್ರಿಡ್ ಅಲ್ಲದ ತಳಿ ಹಾಕಬೇಕು.

ಈಗ ಬೆಳಕಿನ ವಿಷಯ. ಇಲ್ಲೇ ಹೆಚ್ಚಿನವರು ಸೋಲುವುದು. ನಡುಹಗಲ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಬೆಳಕು ಬೀಳುತ್ತದೆ. ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಬಂದರೆ ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಕಾಣುತ್ತದೆ, ಸಸಿಗೆ ಮಾತ್ರ ಅದು ಮುಸ್ಸಂಜೆ. ಬೆಳಕು ಹುಡುಕಿಕೊಂಡು ಕಾಂಡ ಉದ್ದವಾಗುತ್ತದೆ, ದಪ್ಪವಾಗುವುದಿಲ್ಲ.

ಇದಕ್ಕೆ ನೇರಳೆ ಬಣ್ಣದ ದುಬಾರಿ ದೀಪವೇ ಬೇಕೆಂದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 4 ಅಡಿ ಉದ್ದದ, 20 ವ್ಯಾಟಿನ, 6500 ಕೆಲ್ವಿನ್ ಬಿಳಿ ಎಲ್‌ಇಡಿ ಟ್ಯೂಬ್ ಎರಡು ಸಾಕು. ಅವನ್ನು ಜೋಡಿಯಾಗಿ ಕಟ್ಟಿದರೆ ಕೆಳಗೆ 98 ಗುಳಿಗಳ ಎರಡು ಪ್ರೋಟ್ರೇಗಳು (ಸಸಿ ಎಬ್ಬಿಸುವ ಟ್ರೇಗಳು) ಉದ್ದುದ್ದಕ್ಕೆ ಸರಿಯಾಗಿ ಕೂರುತ್ತವೆ. ಟ್ಯೂಬು ಸಸಿಯ ಸುಳಿಯಿಂದ 10ರಿಂದ 15 ಸೆಂಟಿಮೀಟರ್ ಮೇಲಿರಬೇಕು, ಒಂದು ಗೇಣಿಗಿಂತ ದೂರ ಹೋಗಬಾರದು. ಚಾವಣಿಗೆ ಹೊಡೆದ ಟ್ಯೂಬಿನಿಂದ ಏನೂ ಆಗದು, ಬೆಳಕು ಕೋಣೆಗೆಲ್ಲ ಹರಡಿಹೋಗುತ್ತದೆ. ಹುರಿ ಅಥವಾ ಸರಪಳಿಯಲ್ಲಿ ತೂಗುಹಾಕಿದರೆ ಸಸಿ ಬೆಳೆದಂತೆ ಏರಿಸಬಹುದು. ದಿನಕ್ಕೆ 14ರಿಂದ 16 ಗಂಟೆ ಉರಿಸಿ, ಉಳಿದ ಹೊತ್ತು ಕತ್ತಲೆ ಬಿಡಿ. ಇಪ್ಪತ್ತನಾಲ್ಕು ಗಂಟೆ ಉರಿಸಿದರೆ ಟೊಮೆಟೊ ಎಲೆ ಹಳದಿಗೆ ತಿರುಗುತ್ತದೆ. ಖರ್ಚಿನ ಲೆಕ್ಕ ಕೇಳುವವರಿಗೆ: 40 ವ್ಯಾಟ್, 16 ಗಂಟೆ, 25 ದಿನ, ಒಟ್ಟು 16 ಯುನಿಟ್ ವಿದ್ಯುತ್.

ಮೊದಲ ಮೊಳಕೆ ತಲೆ ಎತ್ತಿದ ದಿನವೇ ದೀಪ ಹತ್ತಬೇಕು. ‘ಎಲ್ಲ ಬೀಜ ಏಳಲಿ’ ಎಂದು ಮೂರು ದಿನ ಮುಚ್ಚಿಟ್ಟರೆ ಮೊದಲು ಎದ್ದವು ಕೆಟ್ಟವೆಂದೇ ಲೆಕ್ಕ.

ಕೋಕೋಪೀಟ್‌ನಲ್ಲಿ ಎರಡು ದೋಷಗಳಿವೆ. ತೆಂಗಿನ ಸಿಪ್ಪೆಯಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಲವಣಗಳು ತೊಳೆಯದ ಪುಡಿಯಲ್ಲಿ ಹಾಗೇ ಉಳಿದಿರುತ್ತವೆ, ಎಳೆ ಎಲೆಯ ಅಂಚು ಕರಟುತ್ತದೆ. 650 ಗ್ರಾಂನ ಕೋಕೋಪೀಟ್ ಇಟ್ಟಿಗೆಯನ್ನು ಬಕೆಟ್ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಎರಡನೆಯದು, ಅದರಲ್ಲಿ ಗಿಡಕ್ಕೆ ಬೇಕಾದ ಸಾರವೇ ಇಲ್ಲವೆನ್ನಬೇಕು. ಮೂರು ಪಾಲು ಪುಡಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಬಹುದು. ಬೆರೆಸದಿದ್ದರೆ ಬಿತ್ತಿದ 12 ದಿನಕ್ಕೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು) ಲೀಟರಿಗೆ 1 ಗ್ರಾಂನಂತೆ, ಇನ್ನೊಂದು ವಾರದ ನಂತರ 2 ಗ್ರಾಂನಂತೆ ಕರಗಿಸಿ ಕೊಡಿ.

ಬಿತ್ತುವ ಹದ ಕೈಯಲ್ಲೇ ತಿಳಿಯುತ್ತದೆ. ಒಂದು ಹಿಡಿ ಪುಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಎರಡು ಹನಿ ಇಣುಕಬೇಕು, ಧಾರೆಯಾಗಿ ಸುರಿಯಬಾರದು. ಗುಳಿಗೊಂದು ಬೀಜ, ಅರ್ಧ ಸೆಂಟಿಮೀಟರ್ ಆಳ. ಮೊಳಕೆಗೆ 25ರಿಂದ 30 ಡಿಗ್ರಿ ಬಿಸಿ ಹಿತ. ಪುಷ್ಯದ ಚಳಿಯಲ್ಲಿ ಮೆಣಸು ಎರಡು ವಾರ ಮಿಸುಕದಿದ್ದರೂ ಕೆದಕಿ ನೋಡಬೇಡಿ.

ಸಸಿ ಕೊಳೆ ರೋಗ ಬಂದದ್ದು ಹೇಗೆ ತಿಳಿಯುತ್ತದೆ? ಎಲೆ ಹಸಿರಾಗಿಯೇ ಇರುತ್ತದೆ, ಕಾಂಡ ಮಾತ್ರ ಮಣ್ಣಿಗೆ ತಾಗುವ ಜಾಗದಲ್ಲಿ ಯಾರೋ ಉಗುರಿನಿಂದ ಚಿವುಟಿದಂತೆ ಸಣ್ಣಗಾಗಿ, ನೀರುಗಟ್ಟಿ, ಕಂದಾಗಿ ಬಾಗುತ್ತದೆ. ಬೆಳಗ್ಗೆ ನಿಂತಿದ್ದ ಸಸಿ ಸಂಜೆಗೆ ಮಲಗಿರುತ್ತದೆ. ಶಿಲೀಂಧ್ರವನ್ನು ಹೋಲುವ ಪಿಥಿಯಂ, ಶಿಲೀಂಧ್ರವಾದ ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳ ಕೆಲಸ ಅದು, ಅವಕ್ಕೆ ಬೇಕಾದದ್ದು ಸದಾ ಒದ್ದೆ ಮತ್ತು ನಿಂತ ಗಾಳಿ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದನ್ನೂ ಅಕ್ಕಪಕ್ಕದ ಗುಳಿಗಳನ್ನೂ ಪುಡಿ ಸಮೇತ ತೆಗೆದು ಹೊರಗೆ ಹಾಕಿ. ತಡೆಯುವುದೇ ಮದ್ದು: ಬಿತ್ತುವ ಮೊದಲು ಕಿಲೋ ಕೋಕೋಪೀಟಿಗೆ 10 ಗ್ರಾಂ ಟ್ರೈಕೋಡರ್ಮ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ಹಳೆಯ ಟ್ರೇ ಚೆನ್ನಾಗಿ ತೊಳೆದು ಬಳಸಿ, ತೇವ ಉಳಿಯಲೆಂದು ಟ್ರೇಗೆ ಪ್ಲಾಸ್ಟಿಕ್ ಹೊದಿಸಿದ್ದರೆ ಮೊಳಕೆ ಬಂದ ಕೂಡಲೇ ತೆಗೆಯಿರಿ, ಸಣ್ಣ ಫ್ಯಾನ್ ದೂರದಿಂದ ಎಲೆ ಅಲ್ಲಾಡುವಷ್ಟು ಬೀಸಲಿ. ‘ದಿನಾ ನೀರು ಚಿಮುಕಿಸಿ’ ಎಂಬ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಟ್ರೇ ಎತ್ತಿ ನೋಡಿ, ಹಗುರವೆನಿಸಿದರೆ ಮಾತ್ರ ಬೆಳಗಿನ ಹೊತ್ತು ತಟ್ಟೆಯ ನೀರಲ್ಲಿ ಹದಿನೈದು ನಿಮಿಷ ಕೂರಿಸಿ, ಉಳಿದ ನೀರು ಚೆಲ್ಲಿ. ಮೇಲ್ಭಾಗ ಒಣಗಿದ್ದರೆ ತೇವಕ್ಕೆ ಬರುವ ಸಣ್ಣ ಕಪ್ಪು ನೊಣಗಳ ಕಾಟವೂ ಇರುವುದಿಲ್ಲ.

ಟೊಮೆಟೊ 25ರಿಂದ 30 ದಿನಕ್ಕೆ, ಮೆಣಸು 35ರಿಂದ 40 ದಿನಕ್ಕೆ ನಾಟಿಗೆ ಬರುತ್ತದೆ. ದೀಪದ ಕೆಳಗೆ ಬೆಳೆದ ಸಸಿಯನ್ನು ನೇರ ಬಿಸಿಲಿಗಿಟ್ಟರೆ ಎರಡೇ ದಿನದಲ್ಲಿ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ಮೊದಲ ದಿನ ಎಳೆ ಬಿಸಿಲಿನಲ್ಲಿ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚಿಸುತ್ತ ವಾರವಿಡೀ ಪಳಗಿಸಬೇಕು. ನಿಮ್ಮ ಅಂಕಣದಲ್ಲಿ ಈ ಗಂಟೆ, ದೂರ, ದಿನಗಳ ಲೆಕ್ಕವನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇವೆ.

ಜೊತೆಗೆ ಒಂದು ಎಚ್ಚರಿಕೆಯೂ ಇರಲಿ. ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಹಚ್ಚಿದ ಬೀಜಕ್ಕೆ ಥೈರಾಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಬಿತ್ತಬೇಡಿ, ಬಿತ್ತಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಉಳಿದ ಬೀಜವನ್ನು ಮಕ್ಕಳ ಕೈಗೆಟುಕದ ಕಡೆ ಇಡಿ.

ಇಂತಿ,
ಸಸಿ ಬೆಳೆಸುವ ಓದುಗರು, ಬೆಂಗಳೂರು