ನೆನಪಿನ ಕೋಶ ಎಣಿಸಲು ಹೊರಟ ಗೆಳೆಯನಿಗೆ

ಉಡುಪಿ, ಆಟಿ ತಿಂಗಳು

ಪ್ರಿಯ ಗೆಳೆಯಾ,

ವೈರಲ್ ನ್ಯುಮೋನಿಯಾ ರೋಗಿಗಳ ನೆನಪಿನ (ಮೆಮೊರಿ) ಟಿ ಕೋಶಗಳನ್ನೇ, ಅಂದರೆ ಒಮ್ಮೆ ಕಂಡ ವೈರಸ್ಸನ್ನು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳನ್ನೇ, ಎಂ.ಡಿ. ಪ್ರಬಂಧಕ್ಕೆ ಎತ್ತಿಕೊಂಡಿದ್ದೀಯ ಎಂದು ಓದಿ ತುಂಬ ಖುಷಿಯಾಯಿತು. ಆದರೆ ನೀನು ಕಳಿಸಿದ ಯೋಜನೆಯಲ್ಲಿ ಒಂದು ಸಾಲು ಕಣ್ಣಿಗೆ ಚುಚ್ಚಿತು: 'ದಾಖಲಾದ ದಿನ ರಕ್ತದಲ್ಲಿ ಮೆಮೊರಿ ಕೋಶಗಳ ಶೇಕಡಾ ಪ್ರಮಾಣ ನೋಡುವುದು.' ಅದನ್ನು ಹಾಗೇ ಬಿಟ್ಟರೆ ಎರಡು ವರ್ಷದ ದುಡಿಮೆ ನೀರುಪಾಲು, ಮಾರಾಯ. ಅದಕ್ಕೇ ಇಷ್ಟುದ್ದ ಪತ್ರ. ಇದೇ ಕೆಲಸಕ್ಕೆ ಇಳಿದಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಶೇಕಡಾ ಲೆಕ್ಕ. ಈ ಕಾಯಿಲೆಯಲ್ಲಿ ಲಿಂಫೋಸೈಟ್, ಅಂದರೆ ಟಿ ಕೋಶಗಳೂ ಸೇರಿದ ಬಿಳಿ ಕಣಗಳ ಗುಂಪು, ಕುಸಿಯುವುದು ನಿನಗೆ ಗೊತ್ತೇ ಇದೆ. ವಯಸ್ಕರಲ್ಲಿ ಮೈಕ್ರೋಲೀಟರಿಗೆ 1,000ಕ್ಕಿಂತ ಕೆಳಗಿಳಿದರೆ ಲಿಂಫೋಪೀನಿಯಾ. ಉದಾಹರಣೆಗೆ ಒಬ್ಬ ರೋಗಿಯನ್ನು ಇಟ್ಟುಕೊಳ್ಳೋಣ. 4ನೇ ದಿನ ಬಿಳಿ ರಕ್ತಕಣ 6,000, ಅದರಲ್ಲಿ ಲಿಂಫೋಸೈಟ್ ಶೇ. 8, ಅಂದರೆ 480. ಅದರಲ್ಲಿ ಟಿ ಕೋಶ ಶೇ. 65 ಎಂದರೆ 312. ಮೂರರಲ್ಲೊಂದು ಪಾಲು ಸಿಡಿ8 (ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ ಕೋಶ) ಎಂದರೆ 104. ಅವುಗಳಲ್ಲಿ ಇಫೆಕ್ಟರ್ ಮೆಮೊರಿ (ನೆನಪಿನ ಕೋಶದ ಒಂದು ಬಗೆ) ಶೇ. 50 ಬಂತು ಅನ್ನು: 52 ಕೋಶ. ಅದೇ ರೋಗಿ 12ನೇ ದಿನ ಚೇತರಿಸಿಕೊಂಡಾಗ ಬಿಳಿ ಕಣ 8,000, ಲಿಂಫೋಸೈಟ್ ಶೇ. 25, ಟಿ ಕೋಶ 1,400, ಸಿಡಿ8 ಸುಮಾರು 466, ಇಫೆಕ್ಟರ್ ಮೆಮೊರಿ ಶೇ. 35. ಶೇಕಡಾ ಮಾತ್ರ ನೋಡಿದವನು 'ನೆನಪಿನ ಕೋಶ ಕಡಿಮೆಯಾಯಿತು' ಎಂದು ಬರೆಯುತ್ತಾನೆ. ಆದರೆ 52 ಇದ್ದದ್ದು 163 ಆಗಿದೆ, ಮೂರು ಪಟ್ಟು ಏರಿದೆ! ಆದ್ದರಿಂದ ಪ್ರತಿ ಕೋಷ್ಟಕದಲ್ಲೂ ಶೇಕಡಾದ ಪಕ್ಕದಲ್ಲಿ ಮೈಕ್ರೋಲೀಟರಿಗೆ ಎಷ್ಟು ಎಂಬ ಸಂಖ್ಯೆ ಇರಲೇಬೇಕು.

ಆ ಸಂಖ್ಯೆ ಪಡೆಯಲು ಎರಡು ದಾರಿ. ಸಾಮಾನ್ಯ ರಕ್ತ ಎಣಿಕೆಯ ಲಿಂಫೋಸೈಟ್ ಅಂಕಿಯನ್ನು ಕೋಶಗಳನ್ನು ಒಂದೊಂದಾಗಿ ಹರಿಸಿ ಗುರುತಿಸುವ ಫ್ಲೋ ಸೈಟೋಮೀಟರಿನ ಶೇಕಡಾದಿಂದ ಗುಣಿಸುವುದು ಅಗ್ಗ, ಆದರೆ ಎರಡು ಯಂತ್ರಗಳ ತಪ್ಪೂ ಅದರಲ್ಲಿ ಸೇರಿಕೊಳ್ಳುತ್ತದೆ. ಎಣಿಕೆಯ ಮಣಿಗಳಿರುವ ಟ್ಯೂಬ್ ಉತ್ತಮ: ಒಳಗೆ ಎಷ್ಟು ಮಣಿ ಇವೆ ಎಂದು ಕಂಪನಿಯೇ ಬರೆದಿರುತ್ತದೆ, 50 ಮೈಕ್ರೋಲೀಟರ್ ರಕ್ತ ಹಾಕಿ, ಕೆಂಪು ಕಣ ಒಡೆದು, ತೊಳೆಯದೆ ಓಡಿಸಬೇಕು. ತೊಳೆದರೆ ಕೋಶವೂ ಹೋಗುತ್ತದೆ, ಮಣಿಯೂ ಹೋಗುತ್ತದೆ, ಒಂದೇ ಪ್ರಮಾಣದಲ್ಲಂತೂ ಅಲ್ಲ. ಪಿಪೆಟ್ ಹಿಡಿಯುವಾಗ ಎರಡನೇ ತಡೆಯವರೆಗೆ ಒತ್ತಿ ಎಳೆದುಕೊಂಡು, ಮೊದಲ ತಡೆಯವರೆಗೆ ಮಾತ್ರ ಬಿಡು. ತುದಿಯಲ್ಲಿ ಸ್ವಲ್ಪ ರಕ್ತ ಉಳಿಯಲಿ. ಟ್ಯೂಬಿನ ಗೋಡೆಗೆ ಮೆತ್ತಿದ ಒಂದು ಹನಿಯೂ ಲೆಕ್ಕ ಕೆಡಿಸುತ್ತದೆ.

ಇನ್ನು ಗುರುತುಗಳು, ಅಂದರೆ ಬಣ್ಣ ಕಟ್ಟಿದ ಆಂಟಿಬಾಡಿ ಅಂಟಿಸಿ ನೋಡುವ, ಕೋಶದ ಮೇಲಿನ ಪ್ರೋಟೀನುಗಳು. 1999ರಲ್ಲಿ ಸಲ್ಲುಸ್ಟೋ, ಲಾನ್ಜಾವೆಕಿಯಾ ಎಂಬ ವಿಜ್ಞಾನಿಗಳು ಮತ್ತು ಜೊತೆಗಾರರು ತೋರಿಸಿದ ವಿಂಗಡಣೆಯೇ ಇಂದಿಗೂ ಆಧಾರ. ಸಿಸಿಆರ್7, ಸಿಡಿ45ಆರ್‌ಎ ಎರಡೂ ಇದ್ದರೆ ಇನ್ನೂ ಶತ್ರುವಿನ ಮುಖ ಕಾಣದ ನಾಯೀವ್ ಕೋಶ. ಸಿಸಿಆರ್7 ಮಾತ್ರ ಇದ್ದರೆ ದುಗ್ಧಗ್ರಂಥಿಗಳ ನಡುವೆ ಓಡಾಡುವ ಸೆಂಟ್ರಲ್ ಮೆಮೊರಿ. ಎರಡೂ ಇಲ್ಲದಿದ್ದರೆ ಅಂಗಾಂಶಗಳ ಕಡೆ ಹೋಗುವ ಇಫೆಕ್ಟರ್ ಮೆಮೊರಿ. ಸಿಡಿ45ಆರ್‌ಎ ಮಾತ್ರ ಮರಳಿ ಬಂದಿದ್ದರೆ ಟೆಮ್ರಾ. ಈ ಟೆಮ್ರಾ ಜಾಸ್ತಿ ಕಂಡಾಗ ನ್ಯುಮೋನಿಯಾದ ವೈರಸ್ಸನ್ನೇ ದೂರಬೇಡ; ಸಿಎಂವಿ (ಜೀವನವಿಡೀ ಮೈಯಲ್ಲಿ ಉಳಿಯುವ ಸೈಟೋಮೆಗಲೋವೈರಸ್) ಸೋಂಕು ಹೊತ್ತ ಹಿರಿಯರಲ್ಲಿ ಅದು ಹೇಗೂ ಹೆಚ್ಚು, ನಮ್ಮ ದೇಶದಲ್ಲಿ ಬಹುಪಾಲು ವಯಸ್ಕರಿಗೆ ಆ ಸೋಂಕು ಆಗಿ ಹೋಗಿರುತ್ತದೆ. 65ರ ರೋಗಿಗೆ 25ರ ವಿದ್ಯಾರ್ಥಿಯ ರಕ್ತವನ್ನು ಹೋಲಿಕೆಗೆ ಇಟ್ಟರೆ ನೀನು ಅಳೆಯುವುದು ವಯಸ್ಸನ್ನು.

ಆದರೆ ನಿನ್ನ ಯೋಜನೆಯ ದೊಡ್ಡ ತೊಡಕು ಇದಲ್ಲ. ದಾಖಲಾದ ದಿನ ಸಿಸಿಆರ್7 ಇಲ್ಲದ, ಸಿಡಿ45ಆರ್‌ಎ ಇಲ್ಲದ ಕೋಶ ಕಂಡರೆ ಅದು ನೆನಪಿನ ಕೋಶವೇ ಆಗಿರಬೇಕಿಲ್ಲ. ಅಂದೇ ಕಾದಾಡುತ್ತಿರುವ ಇಫೆಕ್ಟರ್ ಕೋಶಕ್ಕೂ ಅದೇ ವೇಷ. ಹೊಸ ವೈರಸ್ಸಿಗೆ ಟಿ ಕೋಶಗಳ ಪಡೆ ಹೆಚ್ಚುಕಡಿಮೆ 7ರಿಂದ 14ನೇ ದಿನದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, ವೈರಸ್ ತೊಲಗಿದ ಮೇಲೆ ಅದರಲ್ಲಿ ಶೇ. 90ಕ್ಕೂ ಹೆಚ್ಚು ಸಾಯುತ್ತದೆ. ಉಳಿದ ಸ್ವಲ್ಪವೇ ನೆನಪು. ಆದ್ದರಿಂದ ಸಿಡಿ38 ಮತ್ತು ಎಚ್‌ಎಲ್‌ಎ-ಡಿಆರ್ ಎಂಬ ಇನ್ನೆರಡು ಗುರುತುಗಳನ್ನೂ ಸೇರಿಸು. ಎರಡೂ ಒಟ್ಟಿಗೆ ಇದ್ದರೆ ಅದು ಈಗ ಕೆರಳಿರುವ ಕೋಶ. ಸಿಡಿ127 ಕೂಡ ಹಾಕು. ದೀರ್ಘಕಾಲ ಬದುಕಲಿರುವ ಕೋಶದ ಮೇಲೆ ಅದು ಇರುತ್ತದೆ, ಕಾದಾಡಿ ಸಾಯಲಿರುವವುಗಳಲ್ಲಿ ಇಳಿದಿರುತ್ತದೆ. ಇಷ್ಟರ ಮೇಲೂ ಮೊದಲ ವಾರದ ಮಾದರಿಗೆ 'ಇಫೆಕ್ಟರ್ ಅಥವಾ ಮೆಮೊರಿ ರೂಪದ ಕೋಶ' ಎಂದೇ ಬರೆ. ನೆನಪು ಎಂಬ ಮಾತನ್ನು 30, 90, 180ನೇ ದಿನದ ರಕ್ತಕ್ಕೆ ಕಾದಿಡು.

ನೆನಪು ಅಂದರೆ ಕಾಯಿಲೆ ಹೋದ ಮೇಲೂ ಉಳಿಯುವುದು, ಅಲ್ಲವೇ? ಫಾರೋ ದ್ವೀಪಗಳಲ್ಲಿ 1846ರಲ್ಲಿ ದಡಾರ ಹಬ್ಬಿದಾಗ, 1781ರ ದಡಾರ ಕಂಡಿದ್ದ ಮುದುಕರನ್ನು ಅದು ಮುಟ್ಟಲಿಲ್ಲ ಎಂದು ಪಾನುಮ್ ಎಂಬ ಡೆನ್ಮಾರ್ಕಿನ ವೈದ್ಯ ದಾಖಲಿಸಿದ. 65 ವರ್ಷದ ನೆನಪು ಅದು. 2003ರ ಸಾರ್ಸ್‌ನಿಂದ ಗುಣವಾದವರಲ್ಲಿ ಆ ವೈರಸ್ಸಿನ ಎನ್ ಪ್ರೋಟೀನಿಗೆ ಸ್ಪಂದಿಸುವ ಟಿ ಕೋಶಗಳು 17 ವರ್ಷದ ನಂತರವೂ ಸಿಕ್ಕಿದವು. 2020ರಲ್ಲಿ ಸಿಂಗಾಪುರದಿಂದ ವರದಿ ಬಂತು. ಗಮನಿಸು, ಅಲ್ಲಿ ನೋಡಿದ್ದು ಕೋಶದ ಮೇಲಿನ ಗುರುತನ್ನಲ್ಲ, ಆ ವೈರಸ್ಸಿನ ತುಣುಕು ತೋರಿಸಿದಾಗ ಅದು ಎಚ್ಚೆತ್ತುಕೊಳ್ಳುತ್ತದೆಯೇ ಎಂಬುದನ್ನು. ನಿನಗೂ ಅಂಥ ಒಂದು ಪರೀಕ್ಷೆ ಬೇಕೇ ಬೇಕು. ಸಿಡಿ45ಆರ್‌ಎ ಇಲ್ಲದ ಕೋಶ ಫ್ಲೂವನ್ನು ನೆನೆಯುತ್ತಿದೆಯೋ, ಹತ್ತು ವರ್ಷದ ಹಿಂದಿನ ಚಿಕನ್ ಗುನ್ಯಾವನ್ನೋ, ಬಣ್ಣ ನೋಡಿ ಹೇಳಲು ಬರುವುದಿಲ್ಲ.

ವಿಧಾನ ಇಷ್ಟು: ಬೇರ್ಪಡಿಸಿದ ಬಿಳಿ ಕೋಶ ಪ್ರಯೋಗದ ತಟ್ಟೆಯ ಪ್ರತಿ ಗುಂಡಿಗೆ 2 ಲಕ್ಷದಿಂದ 2.5 ಲಕ್ಷ; 15 ಅಮೈನೋ ಆಮ್ಲದ, ಒಂದರ ತುದಿ ಇನ್ನೊಂದರ ಮೇಲೆ ಬರುವ ವೈರಸ್ ಪ್ರೋಟೀನಿನ ತುಣುಕುಗಳ (ಪೆಪ್ಟೈಡ್) ಮಿಶ್ರಣ, ಮಿಲಿಲೀಟರಿಗೆ ತಲಾ 1ರಿಂದ 2 ಮೈಕ್ರೋಗ್ರಾಂ; 37 ಡಿಗ್ರಿಯಲ್ಲಿ 16ರಿಂದ 24 ಗಂಟೆ; ಆಮೇಲೆ ಇಂಟರ್‌ಫೆರಾನ್-ಗಾಮಾ ಚುಕ್ಕೆ ಎಣಿಸುವುದು (ಎಚ್ಚೆತ್ತ ಪ್ರತಿ ಟಿ ಕೋಶ ಹೊರಬಿಟ್ಟ ಈ ಪ್ರೋಟೀನು ಒಂದು ಚುಕ್ಕೆಯಾಗುತ್ತದೆ). ಪೆಪ್ಟೈಡ್ ಕರಗಿಸಿದ ಡಿಎಂಎಸ್‌ಒ ಅಂತಿಮವಾಗಿ ಶೇ. 0.5 ದಾಟಬಾರದು, ದಾಟಿದರೆ ಕೋಶಕ್ಕೆ ಪೆಟ್ಟು ಬೀಳುತ್ತದೆ. ಅದೇ ಪ್ರಮಾಣದ ಬರಿ ಡಿಎಂಎಸ್‌ಒ ಗುಂಡಿ ಒಂದು, ಪಿಎಚ್‌ಎ (ಎಲ್ಲ ಬಗೆಯ ಟಿ ಕೋಶಗಳನ್ನೂ ಕೆರಳಿಸುವ ವಸ್ತು) ಹಾಕಿದ ಗುಂಡಿ ಒಂದು, ಪ್ರತಿ ರೋಗಿಗೂ. ಪಿಎಚ್‌ಎ ಗುಂಡಿಯಲ್ಲೂ ಚುಕ್ಕೆ ಬರದಿದ್ದರೆ 'ಈ ರೋಗಿಗೆ ನೆನಪಿಲ್ಲ' ಎಂದು ಬರೆಯುವ ಹಾಗಿಲ್ಲ. ಆ ಮಾದರಿಯನ್ನೇ ಕೈಬಿಡು.

ರಕ್ತ ತೆಗೆಯುವುದು ಎಲ್ಲರಿಗೂ ಸುಲಭ ಅನಿಸುತ್ತದೆ, ಹೆಚ್ಚು ಕೆಡುವುದೂ ಅಲ್ಲೇ. ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ, ಪೆಪ್ಟೈಡ್ ಪರೀಕ್ಷೆಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್; ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳು. ಹೆಪಾರಿನ್ ಟ್ಯೂಬಿನದ್ದನ್ನು ಪಿಸಿಆರ್‌ಗೆ ಕೊಡಬೇಡ, ಹೆಪಾರಿನ್ ಆ ಕ್ರಿಯೆಯನ್ನು ತಡೆಯುತ್ತದೆ. 2 ಮಿ.ಲೀ. ಸಾಲದು. ಮೇಲಿನ ರೋಗಿಯದೇ ಲೆಕ್ಕ ನೋಡು: 1 ಮಿ.ಲೀ.ಯಲ್ಲಿ ಸಿಡಿ8 ಒಂದು ಲಕ್ಷ ಚಿಲ್ಲರೆ, ಬೇರ್ಪಡಿಸುವಾಗ ಅರ್ಧ ಕಳೆಯಿತು ಅನ್ನು. ಸಾವಿರಕ್ಕೆ ಒಂದರಂತೆ ಇರುವ ಕೋಶವನ್ನು ನಂಬುವಷ್ಟು ನೋಡಬೇಕಾದರೆ ಕನಿಷ್ಠ 100 ಎಣಿಸಬೇಕು, ಆಗಲೂ ಶೇ. 10ರಷ್ಟು ಏರುಪೇರು ಇದ್ದೇ ಇರುತ್ತದೆ. 100 ಬೇಕಾದರೆ ಒಂದು ಲಕ್ಷ ಸಿಡಿ8 ಓಡಿಸಬೇಕು, ಅಂದರೆ ಒಂದು ಪರೀಕ್ಷೆಗೇ 2 ಮಿ.ಲೀ. ಖಾಲಿ. ಎಲ್ಲ ಸೇರಿ 10 ಮಿ.ಲೀ. ತೆಗೆದುಕೋ.

ಮಂಗಳೂರಿನಿಂದ ಮಣಿಪಾಲಕ್ಕೆ ಮಾದರಿ ಕಳಿಸುವುದಾದರೆ ಐಸ್ ಮೇಲೆ ಇಡಬೇಡ. ತಣ್ಣಗಾದ ರಕ್ತದಲ್ಲಿ ಇನ್ನೊಂದು ಬಗೆಯ ಬಿಳಿ ಕಣಗಳಾದ ಗ್ರಾನ್ಯುಲೋಸೈಟ್‌ಗಳ ಸ್ವಭಾವ ಬದಲಾಗಿ ಲಿಂಫೋಸೈಟ್ ಪದರದೊಳಗೆ ಸೇರಿಕೊಳ್ಳುತ್ತವೆ. ಪುಸ್ತಕದ 'ಕೋಣೆಯ ಉಷ್ಣತೆ' 18ರಿಂದ 25 ಡಿಗ್ರಿ. ನಮ್ಮ ಕರಾವಳಿಯ ಕೋಣೆ ಮಳೆ ಬಿಟ್ಟ ಮಧ್ಯಾಹ್ನ 30 ದಾಟಿರುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಹಿಂದಿನ ರಾತ್ರಿಯೇ ಎ.ಸಿ. ಕೋಣೆಯಲ್ಲಿ 22ಕ್ಕೆ ತಂದಿಟ್ಟ ಜೆಲ್ ಚೀಲಗಳ ನಡುವೆ ಟ್ಯೂಬ್ ನೆಟ್ಟಗೆ ಇಡು. ಹೆದ್ದಾರಿಯಲ್ಲಿ ಎರಡು ಗಂಟೆ ಹೋಗಬಹುದು, ಮಳೆಗೆ ಮೂರೂ ಆದೀತು. ರಕ್ತ ತೆಗೆದ 6ರಿಂದ 8 ಗಂಟೆಯೊಳಗೆ ಬೇರ್ಪಡಿಸುವ ಕೆಲಸ ಶುರುವಾಗಲಿ.

ಫೈಕಾಲ್, ಅಂದರೆ ಬಿಳಿ ಕೋಶಗಳನ್ನು ಬೇರ್ಪಡಿಸುವ ಕೆಲಸ, ಮಾಡುವವರಿಗೆ ಹೇಳು: ರಕ್ತಕ್ಕೆ ಸಮ ಪ್ರಮಾಣ ಪಿಬಿಎಸ್ (ಉಪ್ಪಿನ ದ್ರಾವಣ) ಸೇರಿಸಿ, 1.077 ಸಾಂದ್ರತೆಯ ದ್ರವದ ಮೇಲೆ ಕಲಕದಂತೆ ಹರಿಯಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ಗುರುತ್ವದ 400 ಪಟ್ಟು (400 ಜಿ), 30 ನಿಮಿಷ, 20 ಡಿಗ್ರಿ, ಬ್ರೇಕ್ ಬಂದ್. ಬ್ರೇಕ್ ಹಾಕಿದರೆ ಮೋಡದಂಥ ಪದರ ಕಲಕಿಹೋಗುತ್ತದೆ. ಆಟಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಿಕ್ಕಾಗದು, ಸೆಂಟ್ರಿಫ್ಯೂಜ್ ಯುಪಿಎಸ್ ಮೇಲೆ ಇದೆಯೇ ಎಂದು ಮೊದಲೇ ಕೇಳಿಕೋ. ತೀವ್ರ ಕಾಯಿಲೆಯವರಲ್ಲಿ ಕಡಿಮೆ ಸಾಂದ್ರತೆಯ ನ್ಯೂಟ್ರೋಫಿಲ್‌ಗಳು ಎಷ್ಟು ಚೆನ್ನಾಗಿ ಮಾಡಿದರೂ ಆ ಪದರದಲ್ಲಿ ಬರುತ್ತವೆ; ಅದು ಟೆಕ್ನಿಶಿಯನ್ ತಪ್ಪಲ್ಲ, ಅವರನ್ನು ಬೈಯಬೇಡ.

ಬಣ್ಣ ಹಾಕುವಾಗ ಸಿಸಿಆರ್7ಕ್ಕೆ ವಿಶೇಷ ಗಮನ ಕೊಡು. ಅದು ಕೋಶದ ಒಳಗೂ ಹೊರಗೂ ಓಡಾಡುತ್ತಿರುತ್ತದೆ, 4 ಡಿಗ್ರಿಯಲ್ಲಿ ಮಂಕಾಗಿ ಕಾಣುತ್ತದೆ. ಮೊದಲು ಅದೊಂದನ್ನೇ 37 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಇಟ್ಟು, ಆಮೇಲೆ ಉಳಿದವನ್ನು ಸೇರಿಸಿ ಕತ್ತಲಲ್ಲಿ 20ರಿಂದ 30 ನಿಮಿಷ. ಸತ್ತ ಕೋಶ ಎಲ್ಲ ಆಂಟಿಬಾಡಿಯನ್ನೂ ಅಂಟಿಸಿಕೊಳ್ಳುವುದರಿಂದ ಜೀವಂತಿಕೆಯ ಬಣ್ಣ ಬಿಡಬೇಡ. ಗುರುತು ಇರುವ, ಇಲ್ಲದ ಕೋಶಗಳ ನಡುವೆ ಗೆರೆ ಎಲ್ಲಿ ಎಳೆಯಬೇಕೆಂದು ಕಣ್ಣಂದಾಜು ಬೇಡ: ಸಿಸಿಆರ್7 ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್ ಪ್ರತಿ ಬಾರಿಯೂ ಓಡಿಸು. ಆ ಗೆರೆ ಕೂದಲೆಳೆಯಷ್ಟು ಸರಿದರೆ ನಾಯೀವ್ ಕೋಶಗಳು ಟೆಮ್ರಾ ಆಗಿಬಿಡುತ್ತವೆ. ಯಂತ್ರಕ್ಕೆ ಹೋಗುವ ಮುನ್ನ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿಸು. ಅಲ್ಲಿಯವರೆಗಿನ ಕೆಲಸವೆಲ್ಲ ಸುರಕ್ಷತಾ ಕ್ಯಾಬಿನೆಟ್ಟಿನಲ್ಲೇ. 2018ರಲ್ಲಿ ಕೋಯಿಕ್ಕೋಡಿನ ನಿಪಾ ಮೊದಲು ಪತ್ತೆಯಾದದ್ದು ಮಣಿಪಾಲದ ವೈರಸ್ ಪ್ರಯೋಗಾಲಯದಲ್ಲಿ. ಪರೀಕ್ಷೆ ಮುಗಿಯುವವರೆಗೆ ಟ್ಯೂಬಿನ ಒಳಗೆ ಏನಿದೆಯೆಂದು ಖಚಿತವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಸ್ಟೆರಾಯ್ಡ್ ವಿಷಯ ಇನ್ನೂ ಮುಖ್ಯ. ಡೋಸ್ ಕೊಟ್ಟ 4ರಿಂದ 6 ಗಂಟೆಯಲ್ಲಿ ರಕ್ತದ ಲಿಂಫೋಸೈಟ್ ತಳ ಮುಟ್ಟುತ್ತದೆ, ಬಹುಪಾಲು ಸಾಯುವುದರಿಂದಲ್ಲ, ಮೂಳೆಮಜ್ಜೆಯ ಕಡೆ ಸರಿದುಹೋಗುವುದರಿಂದ. ಕೋವಿಡ್‌ನಲ್ಲಿ ಆಕ್ಸಿಜನ್ ಬೇಕಾದವರಿಗೆ ದಿನಕ್ಕೆ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್, 10 ದಿನದವರೆಗೆ, ಎಂದು 2020ರಿಂದ ರೂಢಿ. ಅಂಥವರ ರಕ್ತ ಬೆಳಗ್ಗೆ 7ರಿಂದ 9ರೊಳಗೆ, ಅಂದಿನ ಡೋಸಿಗೆ ಮೊದಲೇ ತೆಗೆ. ಮೈಯ ಸ್ವಂತ ಕಾರ್ಟಿಸಾಲ್ ಕೂಡ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ ಎಲ್ಲರಿಗೂ ಅದೇ ಹೊತ್ತು ಇರಲಿ. ಆಸ್ಪತ್ರೆಗೆ ಬರುವ ಮೊದಲೇ ಮೆಡಿಕಲ್ ಶಾಪಿನಿಂದ ತಂದು ನುಂಗಿದ ಚಿಕ್ಕ ಬಿಳಿ ಮಾತ್ರೆಯನ್ನೂ ಕೇಳಿ ಬರೆದುಕೋ. ಆಟಿ ಅಮಾಸೆಯಂದು ಕುಡಿಯುವ ಪಾಲೆ ಮರದ ತೊಗಟೆಯ ಕಷಾಯದಿಂದ ಹಿಡಿದು ಎಲ್ಲವನ್ನೂ ಹೇಳುತ್ತಾರೆ, ಆ ಮಾತ್ರೆಯೊಂದನ್ನು ಮಾತ್ರ ಕೇಳದೆ ಹೇಳುವುದಿಲ್ಲ.

ನಮ್ಮೂರಿನ ಮಳೆಗಾಲದ ಜ್ವರ ಒಂದೇ ಅಲ್ಲವಲ್ಲ. ಡೆಂಗಿ ಒಂದೇ ಸಾಕು, ಸಿಡಿ8 ಕೋಶಗಳನ್ನು ವಿಪರೀತ ಕೆರಳಿಸಲು. ಮಲೇರಿಯಾ, ಇಲಿಜ್ವರ ಕೂಡ ಎಣಿಕೆ ಏರುಪೇರು ಮಾಡುತ್ತವೆ. ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತ ಸೋರಿದರೆ ಎಕ್ಸ್‌ರೇ ನೋಡಿ ವೈರಲ್ ನ್ಯುಮೋನಿಯಾ ಅಂದುಕೊಳ್ಳುವುದೂ ಇದೆ. ಮೂರನ್ನೂ ಪರೀಕ್ಷಿಸಿ ಹೊರಗಿಟ್ಟ ಮೇಲೆಯೇ, ಗಂಟಲ ದ್ರವದ ಪಿಸಿಆರ್ ಪಾಸಿಟಿವ್ ಬಂದವರನ್ನೇ ಸೇರಿಸಿಕೋ.

ಶ್ವಾಸಕೋಶವನ್ನು ಕೊನೆಗೆ ಇಟ್ಟದ್ದು ಬೇಕೆಂದೇ, ಏಕೆಂದರೆ ನಿಜವಾದ ಕಥೆ ಅಲ್ಲಿದೆ. ಮೈಯ ಒಟ್ಟು ಲಿಂಫೋಸೈಟ್‌ಗಳಲ್ಲಿ ಒಂದು ಹೊತ್ತಿಗೆ ರಕ್ತದಲ್ಲಿರುವುದು ಶೇ. 2ರಷ್ಟು. ಸಿಡಿ69, ಸಿಡಿ103 ಎಂಬ ಗುರುತು ಹೊತ್ತು ಶ್ವಾಸಕೋಶದಲ್ಲೇ ಮನೆ ಮಾಡಿಕೊಂಡ ನೆನಪಿನ ಕೋಶಗಳು ರಕ್ತಕ್ಕೆ ಬರುವುದೇ ಅಪರೂಪ. 2020ರಲ್ಲಿ ಚೀನಾದ ಕೋವಿಡ್ ರೋಗಿಗಳ ಶ್ವಾಸಕೋಶ ತೊಳೆದ ನೀರನ್ನು ನೋಡಿದಾಗ, ಸಾಧಾರಣ ಕಾಯಿಲೆಯವರಲ್ಲಿ ಒಂದೇ ವಂಶದಿಂದ ಹೆಚ್ಚಿದ ಸಿಡಿ8 ಕೋಶಗಳಿದ್ದವು, ತೀವ್ರ ಕಾಯಿಲೆಯವರಲ್ಲಿ ಉರಿಯೂತ ಕೆರಳಿಸುವ, ರೋಗಾಣು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳೇ ತುಂಬಿದ್ದವು. ಹಾಗಾಗಿ ರಕ್ತದಲ್ಲಿ ಇಫೆಕ್ಟರ್ ಮೆಮೊರಿ ಇಳಿದಾಗ ಅವು ಸತ್ತವೋ, ಶ್ವಾಸಕೋಶಕ್ಕೆ ಹೋದವೋ ಎಂದು ಬರಿ ರಕ್ತ ನೋಡಿ ಹೇಳಲಾಗದು. ಚಿಕಿತ್ಸೆಗಾಗಿ ಹೇಗೂ ಬ್ರಾಂಕೋಸ್ಕೋಪಿ ಆಗುವವರಲ್ಲಿ ಮಾತ್ರ, ಉಳಿದ ನೀರನ್ನು ಕೇಳಿಕೋ; ಪ್ರಬಂಧಕ್ಕೋಸ್ಕರ ಉಸಿರಾಟಕ್ಕೆ ಒದ್ದಾಡುವವರ ಗಂಟಲಿಗೆ ಕೊಳವೆ ಇಳಿಸುವುದು ಸರಿಯಲ್ಲ, ಇದರಲ್ಲಿ ನನಗೆ ಎರಡು ಮಾತಿಲ್ಲ. ಒಟ್ಟು 100ರಿಂದ 300 ಮಿ.ಲೀ. ಸಲೈನ್ ಕಂತುಕಂತಾಗಿ ಬಿಟ್ಟು, ಶೇ. 30 ಆದರೂ ಹಿಂದಕ್ಕೆ ಬಂದರೆ ಮಾದರಿ ನಂಬಬಹುದು. ಈ ನೀರು ಮಾತ್ರ ಐಸ್ ಮೇಲೆಯೇ ಹೋಗಬೇಕು, ರಕ್ತಕ್ಕೆ ತದ್ವಿರುದ್ಧ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿಡು.

ಇನ್ನೊಂದು ಸಂಗತಿ, 90ನೇ ದಿನದ ರಕ್ತ. ನಿನ್ನ ರೋಗಿಗಳಲ್ಲಿ ಬೋಟಿನ ಕೆಲಸದವರು ಇರುತ್ತಾರೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯಲ್ಲಿ ಕರೆದರೆ ಬಂದಾರು. ಆಗಸ್ಟಿನಲ್ಲಿ ಬೋಟ್ ಇಳಿದ ಮೇಲೆ ದಡ ಸೇರಲು ವಾರ ಮೀರುತ್ತದೆ. ಆದ್ದರಿಂದ 90 ಎಂದು ಒಂದೇ ದಿನ ಹಿಡಿಯದೆ 80ರಿಂದ 110 ಎಂದು ಯೋಜನೆಯಲ್ಲೇ ಬರೆದು ನೈತಿಕ ಸಮಿತಿಯ ಒಪ್ಪಿಗೆ ಪಡೆ. ಸಮ್ಮತಿ ಪತ್ರ ಕನ್ನಡದಲ್ಲಿರಲಿ, ವಿವರಿಸುವಾಗ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿಸು. ನಾಲ್ಕು ಸಲ ರಕ್ತ ಯಾಕೆ ಎಂದು ಅರ್ಥವಾದವರು ಮರಳಿ ಬರುತ್ತಾರೆ.

ಮೊದಲ ರೋಗಿಗಿಂತ ಮೊದಲು ನಿನ್ನದೇ ವಯಸ್ಸಿನ ಇಬ್ಬರು ಆರೋಗ್ಯವಂತರ ರಕ್ತವನ್ನು ಇದೇ ಪೆಟ್ಟಿಗೆಯಲ್ಲಿ, ಇದೇ ದಾರಿಯಲ್ಲಿ ಕಳಿಸಿ ನೋಡು. ಅದರ ಒಂದು ಭಾಗವನ್ನು 2 ಗಂಟೆಗೆ, ಇನ್ನೊಂದನ್ನು 8 ಗಂಟೆಗೆ ಬೇರ್ಪಡಿಸಿ, ಸಿಸಿಆರ್7 ಪ್ಲಾಟ್ ಎರಡನ್ನೂ ನನಗೆ ಕಳಿಸು. ಗೆರೆ ಎಲ್ಲಿ ಎಳೆಯುವುದೆಂದು ಒಟ್ಟಿಗೆ ಕೂತು ನೋಡೋಣ.

ನಿನ್ನ ಗೆಳೆಯ